ಎಮ್ಮೆ ಕೊಳ್ಳುವ ಕಂಪನಿ

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಬೀಪಿ. ನನಗಿರುವುದು ಅಭಿಪ್ರಾಯ. ಅದೂ ಒಂದೆರಡಲ್ಲ, ಮೈತುಂಬ. ಬೆಳಿಗ್ಗೆ ಹಲ್ಲುಜ್ಜುವಾಗ ಪೇಸ್ಟಿನ ಕಂಪನಿಯ ಬಗ್ಗೆ ಒಂದು ಅಭಿಪ್ರಾಯ ಹುಟ್ಟಿತೆಂದರೆ, ಸ್ನಾನದ ಹೊತ್ತಿಗೆ ಅದು ಸೋಪಿನ ಕಂಪನಿಗೆ ಹಬ್ಬಿ, ತಿಂಡಿಯ ತಟ್ಟೆ ಮುಂದೆ ಬರುವಷ್ಟರಲ್ಲಿ ದೇಶದ ಆಡಳಿತವನ್ನು ಮುಟ್ಟಿರುತ್ತದೆ. ಸಕ್ಕರೆ ಕಾಯಿಲೆಯವರಿಗಾದರೆ ಮನೆಯವರು ಕನಿಕರದಿಂದ ಮಾತ್ರೆ, ನೀರು ತಂದುಕೊಡುತ್ತಾರೆ. ಅಭಿಪ್ರಾಯದವರನ್ನು ಯಾರೂ ವಿಚಾರಿಸುವುದಿಲ್ಲ. ನನ್ನ ಹೆಂಡತಿ ಸರೋಜಳಂತೂ ನಾನು "ಈ ಕಂಪನಿಗಳು ಇವೆಯಲ್ಲ" ಎಂದು ಬಾಯಿ ತೆರೆದರೆ ಸಾಕು, ಮಿಕ್ಸಿ ಹಾಕುತ್ತಾಳೆ. ನಮ್ಮ ಮನೆಯ ಚಟ್ನಿ ಯಾವಾಗಲೂ ಬಹಳ ನುಣ್ಣಗಿರಲು ಅದೇ ಕಾರಣ.

ನಾನಿರುವುದು ಜಡೆ ಎಂಬ ಊರಿನಲ್ಲಿ. ಹೊಟ್ಟೆಪಾಡು ಸೊರಬದ ತಾಲ್ಲೂಕು ಕಚೇರಿಯ ಎದುರಿಗೆ. ಪಹಣಿ ತಿದ್ದುಪಡಿ, ಖಾತೆ ಬದಲಾವಣೆ, ದಾರಿ ತಂಟೆ, ಹೀಗೆ ಜನರ ತಾಪತ್ರಯಗಳನ್ನು "ಮಾನ್ಯರೇ" ಎಂದು ಶುರುಮಾಡಿ "ತಮ್ಮ ವಿಶ್ವಾಸಿ" ಎಂದು ಮುಗಿಸಿ ಟೈಪ್ ಮಾಡಿಕೊಡುವುದು ನನ್ನ ಕೆಲಸ. ನನ್ನ ಅರ್ಜಿಯಲ್ಲಿ ಒಂದು ಒತ್ತಕ್ಷರವೂ ತಪ್ಪಿರುವುದಿಲ್ಲ ಎಂದು ಸುತ್ತಿನ ಹಳ್ಳಿಗಳಲ್ಲಿ ಹೆಸರಿದೆ. ಆ ಹೆಸರೇ ಮುಂದೆ ಮುಳುವಾಯಿತು, ಇರಲಿ. ಮೊದಲೆಲ್ಲ ನನ್ನ ಅಭಿಪ್ರಾಯಗಳು ಎಂಟೂವರೆಯ ಬಸ್ಸಿನಲ್ಲೇ ಖರ್ಚಾಗುತ್ತಿದ್ದವು. ಪಕ್ಕದ ಸೀಟಿನಲ್ಲಿ ರಫೀಕ್ ಸಾಹೇಬರು ಕೂತಿರುತ್ತಿದ್ದರು. ಸೊರಬದಲ್ಲಿ ಅವರದು ಬಳೆ ಅಂಗಡಿ. ದಿನವಿಡೀ ಹೆಂಗಸರ ಚೌಕಾಶಿ ಕೇಳಿ ಕೇಳಿ ಅವರಿಗೆ ಯಾರ ಮಾತನ್ನೂ ನಗುನಗುತ್ತ ಕೇಳುವ ಅಭ್ಯಾಸವಾಗಿತ್ತು. ಬಸ್ಸಿನ ಅಭಿಪ್ರಾಯಕ್ಕೆ ಒಂದು ಒಳ್ಳೆಯ ಗುಣವಿತ್ತು. ಸೊರಬ ಬಂದ ಕೂಡಲೇ ಅದೂ ನಮ್ಮೊಂದಿಗೆ ಇಳಿದು ಗುಂಪಿನಲ್ಲಿ ಕಾಣೆಯಾಗುತ್ತಿತ್ತು.

ಆಮೇಲೆ ಬಸ್ಸಿನವರದೇ ಒಂದು ಮೊಬೈಲ್ ಗ್ರೂಪು ಆಯಿತು. ಬಸ್ಸು ಬಂತೋ, ಕೆಟ್ಟು ನಿಂತಿತೋ ಎಂದು ಒಬ್ಬರಿಗೊಬ್ಬರು ತಿಳಿಸಲಿ ಎಂದು ರಫೀಕ್ ಸಾಹೇಬರೇ ಮಾಡಿದ್ದು. ಬಸ್ಸು ಕೆಡುವುದು ಅಪರೂಪ. ಉಳಿದ ದಿನಗಳಲ್ಲಿ ಆ ಜಾಗ ಸುಮ್ಮನೆ ಖಾಲಿ ಬಿದ್ದಿರುವುದನ್ನು ನೋಡಲಾರದೆ ನಾನು ನನ್ನ ಅಭಿಪ್ರಾಯಗಳನ್ನು ಅಲ್ಲಿ ಹಾಕತೊಡಗಿದೆ. ಯಾರೂ ಉತ್ತರ ಕೊಡುತ್ತಿರಲಿಲ್ಲ. ನಾಲ್ಕು ಪ್ಯಾರಾ ಬರೆದರೂ ಕೆಳಗೆ ಒಬ್ಬರು "ಬಸ್ ಬಂತಾ?" ಎಂದು ಕೇಳಿರುತ್ತಿದ್ದರು.

ಬರೆಯುವುದು ಎಂದೆನಲ್ಲ, ನಿಜವಾಗಿ ನಾನು ಬರೆಯುತ್ತಿರಲಿಲ್ಲ. ಜೀವಮಾನವೆಲ್ಲ ಟೈಪ್ ಮಾಡಿದ ಈ ಕೈಗೆ ಫೋನಿನ ಅಕ್ಷರ ಒಗ್ಗಲಿಲ್ಲ. ನನ್ನ ಹೆಬ್ಬೆರಳು ಒಂದು ಸಲ ಕೂತರೆ ಮೂರು ಅಕ್ಷರದ ಮೇಲೆ ಕೂರುತ್ತದೆ. ಹಾಗಾಗಿ ಫೋನಿಗೆ ಬಾಯಲ್ಲಿ ಹೇಳುವುದು, ಅದು ಬರೆದುಕೊಳ್ಳುವುದು ಎಂದು ಏರ್ಪಾಟಾಯಿತು. ಮನೆಯ ಮಾತಿನಲ್ಲಿ ಹೇಳಿದರೆ ಅದಕ್ಕೆ ತಿಳಿಯುವುದಿಲ್ಲ. ವಾರ್ತೆ ಓದುವವರ ಹಾಗೆ ಹೇಳಬೇಕು. ಅದೇ ಗುಂಗಿನಲ್ಲಿ ಒಂದು ದಿನ ಸರೋಜಳಿಗೆ "ಕುಡಿಯಲು ನೀರನ್ನು ಕೊಡುವೆಯಾ?" ಎಂದು ಕೇಳಿಬಿಟ್ಟೆ. ಅವಳು ಬಂದು ಹಣೆ ಮುಟ್ಟಿ ನೋಡಿದಳು. ದೊಡ್ಡ ಕಂಪನಿಗಳು ಫೋನಿನೊಳಗೆ ಕೂತು ನಮ್ಮ ಮಾತನ್ನೆಲ್ಲ ಕದ್ದು ಕೇಳುತ್ತವೆ ಎನ್ನುತ್ತಾರೆ. ಕೇಳಲಿ, ನನ್ನ ಮಾತು ಕೇಳುವವರಿಲ್ಲ ಎಂದು ನಾನೇ ಕೊರಗುತ್ತಿರುವವನು. ಆದರೆ ಇಷ್ಟು ಕಷ್ಟಪಟ್ಟು ಕದ್ದು ಕೇಳುವವರು ಸ್ವಲ್ಪ ಸರಿಯಾಗಿ ಕೇಳಬಾರದೇ?

ಒಂದು ಶುಕ್ರವಾರ ನನಗೆ ಎಮ್ಮೆಲ್ಲೆಗಳ ಮೇಲೆ ಅಭಿಪ್ರಾಯ ಬಂತು. ಇಂಥ ಊರಿನವರು, ಇಂಥ ಪಕ್ಷದವರು ಎಂದಲ್ಲ. ಒಟ್ಟಾರೆ ಆ ಕುಲದ ಮೇಲೆಯೇ. ದುಡ್ಡಿರುವ ಕಂಪನಿಗಳು ಅವರನ್ನು ಕೊಂಡುಕೊಂಡು ತಮಗೆ ಬೇಕಾದ ಕಾನೂನು ಮಾಡಿಸಿಕೊಳ್ಳುತ್ತವೆ ಎಂಬುದು ನನ್ನ ವಾದ. ಸುಮ್ಮನೆ ಹೇಳಿದರೆ ಜನ ಓದುವುದಿಲ್ಲ, ಸ್ವಲ್ಪ ಕೊಟ್ಟಿಗೆಯ ಮಾತು ಸೇರಿಸಿ ಚುಚ್ಚೋಣ ಎಂದು ಫೋನನ್ನು ಬಾಯಿಯ ಹತ್ತಿರ ಹಿಡಿದು ಆವೇಶದಿಂದ ಹೇಳಿದೆ. ಒಳಗಿನಿಂದ ಎಂದಿನಂತೆ ಮಿಕ್ಸಿ ಶುರುವಾಯಿತು. ಆ ಸದ್ದಿನಲ್ಲಿ ಫೋನು "ಎಮ್ಮೆಲ್ಲೆ"ಯ ಬಾಲ ಕತ್ತರಿಸಿದ್ದು ನನಗೆ ಗೊತ್ತಾಗಲಿಲ್ಲ. ಬೇರೆಯವರ ಅರ್ಜಿಯನ್ನು ಮೂರು ಸಲ ಓದುತ್ತೇನೆ. ನನ್ನ ಅಭಿಪ್ರಾಯವನ್ನು ಮತ್ತೆ ಓದಿ ನೋಡುವ ಅಗತ್ಯ ಅದುವರೆಗೆ ಕಂಡಿರಲಿಲ್ಲ. ಗ್ರೂಪಿಗೆ ಹೋದದ್ದು ಇಷ್ಟು:

"ದೊಡ್ಡ ದೊಡ್ಡ ಕಂಪನಿಗಳು ಎಮ್ಮೆಗಳನ್ನು ಕೊಂಡುಕೊಳ್ಳುತ್ತಿವೆ. ಕೇಳಿದಷ್ಟು ಕೊಡುತ್ತಿವೆ. ವಯಸ್ಸು ನೋಡುವುದಿಲ್ಲ, ಗುಣ ನೋಡುವುದಿಲ್ಲ. ಒಯ್ದು ತಂಪಾದ ಜಾಗದಲ್ಲಿ ಕಟ್ಟಿ, ಚೆನ್ನಾಗಿ ಮೇಯಿಸಿ, ಐದು ವರ್ಷ ಹಾಲು ಕರೆದುಕೊಳ್ಳುತ್ತವೆ. ಇನ್ನೂ ಸುಮ್ಮನೆ ಕೂತರೆ ನಷ್ಟ ನಮಗೇ. ಎಚ್ಚೆತ್ತುಕೊಳ್ಳಿ."

ಅವತ್ತು ಮೊದಲ ಬಾರಿಗೆ ನನ್ನ ಅಭಿಪ್ರಾಯಕ್ಕೆ ಉತ್ತರ ಬಂತು. ಹೆಬ್ಬೆಟ್ಟುಗಳು, ಮುಗಿದ ಕೈಗಳು ಸಾಲುಸಾಲಾಗಿ ಬಂದವು. ಯಾರೋ ಅದನ್ನು ಹಾಲಿನ ಡೈರಿಯವರ ಗ್ರೂಪಿಗೆ ಕಳಿಸಿದ್ದಾರೆ ಎಂದು ತಿಳಿಯಿತು. ಹಾಲು ಹಾಕುವವರಲ್ಲೂ ಇಷ್ಟು ರಾಜಕೀಯ ಪ್ರಜ್ಞೆ ಇದೆಯಲ್ಲ ಎಂದು ನನ್ನ ಕಣ್ಣು ಮಂಜಾಯಿತು. ಒಬ್ಬರು, "ಎಲ್ಲಿಗೆ ಬರ್ಬೇಕು ರೀ?" ಎಂದು ಕೇಳಿದರು. "ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ, ಮಾತಾಡೋಣ" ಎಂದೆ. ಇನ್ನೊಬ್ಬರು, "ನಮ್ದು ಸ್ವಲ್ಪ ವಯಸ್ಸಾಗಿದೆ, ನಡೀತದಾ?" ಎಂದರು. ಪಾಪ, ಮನೆಯ ಹಿರಿಯರ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡು, "ವಯಸ್ಸು ಮುಖ್ಯವಲ್ಲ, ಹುಮ್ಮಸ್ಸು ಮುಖ್ಯ" ಎಂದು ಧೈರ್ಯ ಹೇಳಿದೆ. ಮತ್ತೊಬ್ಬರು, "ಸಿಟ್ಟು ಜಾಸ್ತಿ, ಮೊದ್ಲೇ ಹೇಳಿರ್ತೀನಿ" ಎಂದರು. "ಅಂಥವರೇ ಈಗ ಬೇಕಾಗಿರುವುದು" ಎಂದು ಉತ್ತರಿಸಿದೆ. ರಫೀಕ್ ಸಾಹೇಬರು ಮಾತ್ರ, "ಸಾರ್, ನೀವು ಕಳ್ಸಿದ್ದು ಇನ್ನೊಂದ್ಸಲ ಓದ್ಕೊಳ್ಳಿ" ಎಂದು ಬರೆದರು. ನನ್ನ ಹೆಸರು ಮೇಲೆ ಬಂದದ್ದು ಅವರಿಗೆ ಸಹಿಸಲಾಗುತ್ತಿಲ್ಲ ಎಂದುಕೊಂಡೆ.

ಭಾನುವಾರ ಜಗುಲಿಗೆ ಜಮಖಾನ ಹಾಸಿದೆ. ಚಳವಳಿ ಅಂದಮೇಲೆ ಬಂದವರಿಗೆ ತಿನ್ನಲು ಏನಾದರೂ ಬೇಕಲ್ಲ ಎಂದು ಸರೋಜ ಗೊಣಗುತ್ತಲೇ ದೊಡ್ಡ ಪಾತ್ರೆಯಲ್ಲಿ ಅವಲಕ್ಕಿ ಕಲಸಿದಳು. ನಾನು ಎರಡು ಮಾತು ಆಡಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಓಣಿಯ ತುದಿಯಲ್ಲಿ ಕೊರಳ ಗಂಟೆಗಳು ಕೇಳಿದವು. ನೋಡುತ್ತೇನೆ, ಒಬ್ಬೊಬ್ಬರ ಹಿಂದೆ ಒಂದೊಂದು ಎಮ್ಮೆ. ಒಂದು ಗೂಡ್ಸ್ ಆಟೋದಲ್ಲಿ ನಿಂತುಕೊಂಡು ಬರುತ್ತಿತ್ತು. ಅದು ನನ್ನನ್ನು ನೋಡಿದ ರೀತಿಯಲ್ಲೇ ಸಿಟ್ಟು ಜಾಸ್ತಿ ಇದ್ದದ್ದು ಅದೇ ಎಂದು ಗುರುತಾಯಿತು.

"ಕಂಪ್ನಿಯೋರು ಬಂದ್ರೇನ್ರೀ?" ಎಂದು ಮುಂದಿದ್ದವರು ಕೇಳಿದರು.

"ಅವರು ಯಾಕೆ ಬರ್ತಾರೆ? ನಾವು ಸೇರಿರೋದೇ ಅವರ ವಿರುದ್ಧ ಅಲ್ವಾ?"

"ವಿರುದ್ಧ ಯಾಕ್ರೀ? ಕೇಳಿದಷ್ಟು ಕೊಡ್ತಾರೆ ಅಂತ ನೀವೇ ಬರ್ದೀರಲ್ಲ."

ಸರೋಜ ನನ್ನ ಕೈಯಿಂದ ಫೋನು ಕಿತ್ತುಕೊಂಡು ಶುಕ್ರವಾರದ ಸಂದೇಶವನ್ನು ಎಲ್ಲರಿಗೂ ಕೇಳುವಂತೆ ಓದಿದಳು. ಓದಿ ಮುಗಿಸಿ ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗೆ ಇಟ್ಟುಕೊಂಡಳು. ನಾನು ಎಮ್ಮೆ, ಎಮ್ಮೆಲ್ಲೆ, ಫೋನು, ಮಿಕ್ಸಿ ಎಂದು ಒಂದೊಂದಾಗಿ ವಿವರಿಸಿದೆ. ಅವಲಕ್ಕಿ ಇತ್ತಾದ್ದರಿಂದ ಬೈಗುಳ ಕಡಿಮೆಯೇ ಬಿದ್ದವು. ಒಬ್ಬರು ಕೈ ತೊಳೆಯುತ್ತ, "ಎಮ್ಮೆಲ್ಲೆದು ನಮಗೆ ಗೊತ್ತಿದ್ದದ್ದೇ ಬಿಡಿ. ಎಮ್ಮೆದಾಗಿದ್ರೆ ಸುದ್ದಿ ಆಗ್ತಿತ್ತು" ಎಂದು ಎಮ್ಮೆಯನ್ನು ತಿರುಗಿಸಿಕೊಂಡು ಹೋದರು.

ಎಲ್ಲರೂ ಹೋದ ಮೇಲೂ ಹಿಂದಿನ ಮನೆಯ ಗೌರಕ್ಕ ಮಾತ್ರ ಏಳಲಿಲ್ಲ. ಒಂಟಿ ಹೆಂಗಸು, ನನಗಿಂತ ದೊಡ್ಡವಳು. ಅವಳ ಎಮ್ಮೆ ಚಂದ್ರಿ ನಮ್ಮ ದಾಸವಾಳದ ಗಿಡವನ್ನು ಅರ್ಧ ಮುಗಿಸಿತ್ತು.

"ಹಂಗಾದ್ರೆ ಕಂಪ್ನಿ ಇಲ್ಲೇನು ತಮ್ಮಾ?" ಎಂದಳು.

"ಇಲ್ಲ ಗೌರಕ್ಕ. ತಪ್ಪಾಯ್ತು."

"ಚಂದ್ರೀನ ಕೊಳ್ಳಾಕೆ ತೊಗರ್ಸಿಯೋರು ನಿನ್ನೆ ಹಗ್ಗ ಹಿಡ್ಕಂಡೇ ಬಂದಿದ್ರು. ಡೈರೀಲಿ ನಿಂದು ಓದಿ ಹೇಳಿದ್ರಲ್ಲ, ತಮ್ಮ ಬರ್ದಿದ್ದು ಅಂದ್ರೆ ಒಂದಕ್ಷರ ತಪ್ಪಿರಲ್ಲ ಅಂತ ಅವ್ರನ್ನ ಹಂಗೇ ಕಳ್ಸಿದೆ. ಅವ್ರು ಬ್ಯಾರೆ ಕಡೆ ತಗಂಡ್ರಂತೆ. ನಾಡಿದ್ದು ನಾನು ಶಿಕಾರಿಪುರಕ್ಕೆ ಹೋಗ್ಬೇಕು. ಮಗಳು ತುಂಬಿದ ಬಸುರಿ, ಬಸ್ ಹತ್ತಬಾರ್ದು ಅಂದಾರೆ ಡಾಕ್ಟ್ರು. ನಾನೇ ಹೋಗಿ ಬಾಣಂತನ ಮಾಡ್ಬೇಕು. ಇದನ್ನ ಎಲ್ಲಿ ಬಿಡ್ಲಿ?"

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ, ನನ್ನನ್ನೇ ಉಪಾಯ ಕೇಳಿದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಲೋಕದ ವಿಷಯವನ್ನೆಲ್ಲ ಬಲ್ಲ ನನಗೆ ಒಂದು ಎಮ್ಮೆಯನ್ನು ಎಲ್ಲಿ ಬಿಡಬೇಕೆಂದು ಹೊಳೆಯಲಿಲ್ಲ. ಸರೋಜಳಿಗೆ ಹೊಳೆಯಿತು. "ಕಂಪನಿ ಸಿಕ್ತು ಗೌರಕ್ಕ. ಇವ್ರೇ" ಎಂದು ನನ್ನ ಕಡೆ ಕೈ ತೋರಿಸಿದಳು. ತೊಗರ್ಸಿಯವರು ಹೇಳಿದ ರೇಟಿಗೇ ಚಂದ್ರಿ ನಮ್ಮದಾಯಿತು. ಕಂಪನಿಗಳು ಏನನ್ನೋ ಕೊಂಡುಕೊಂಡಾಗ ಅವುಗಳ ಯಜಮಾನರಿಗೆ ಎದೆ ಹೀಗೆಯೇ ಡವಡವ ಎನ್ನುತ್ತದೆಯೋ ಏನೋ, ನನಗಂತೂ ಆ ಮಧ್ಯಾಹ್ನ ಊಟ ಸೇರಲಿಲ್ಲ.

ಗೌರಕ್ಕ ಹೋದಳು. ಚಂದ್ರಿ ಹಾಲು ಇಳಿಸಲಿಲ್ಲ. ಹಿಂಡಿ ಇಟ್ಟೆವು, ಬೆಲ್ಲ ಕೊಟ್ಟೆವು, ಹೊಸ ಹಗ್ಗ ತಂದೆವು. ತಿನ್ನುವುದನ್ನು ತಿಂದು ಅದು ಕಾಲು ಎತ್ತುತ್ತಿತ್ತು. ಎಮ್ಮೆಗಳ ಜೊತೆಯಲ್ಲೇ ಬೆಳೆದ ಸರೋಜ ಗೌರಕ್ಕನ ಹಳೆಯ ಸೀರೆ ಉಟ್ಟು ಕೂತರೂ ಚಂದ್ರಿ ಮೋಸ ಹೋಗಲಿಲ್ಲ. ಸಂಜೆ ಹಗ್ಗ ಬಿಚ್ಚಿದರೆ ನೆಟ್ಟಗೆ ಗೌರಕ್ಕನ ಮನೆಗೆ ಹೋಗಿ ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲುತ್ತಿತ್ತು. ಅದನ್ನು ನೋಡಲು ಸಂಕಟವಾಗುತ್ತಿತ್ತು. ಬೆಳಿಗ್ಗೆ ನಾನು ಹತ್ತಿರ ನಿಂತು ನಾಲ್ಕು ಒಳ್ಳೆಯ ಮಾತು ಹೇಳಿ ಒಲಿಸಲು ನೋಡಿದೆ. ಅದು ಸರೋಜಳನ್ನು ಬಿಟ್ಟು ನನಗೆ ಒದೆಯಿತು. "ನೀವು ಮಾತಾಡ್ಬೇಡಿ ಅಂದ್ನಲ್ಲ" ಎಂದು ಸರೋಜ ಗದರಿದಳು.

ಮಗಳಿಗೆ ಹೆರಿಗೆಯಾದ ಸುದ್ದಿ ಹೇಳಲು ಗೌರಕ್ಕ ಫೋನು ಮಾಡಿದಾಗ ಸರೋಜ ಕೊಟ್ಟಿಗೆಯಲ್ಲಿದ್ದಳು. ಅವಳಿಗೂ ಕೇಳಲಿ ಎಂದು ನಾನು ಸ್ಪೀಕರ್ ಒತ್ತಿ ಹಿಡಿದೆ. "ಗಂಡು ಕಣೇ ಸರೋಜ. ಚಂದ್ರಿ ಹೆಂಗದಾಳೆ? ಏನೇ ಚಂದ್ರಿ, ಹುಲ್ಲು ತಿಂದ್ಯಾ? ಒದೀಬ್ಯಾಡ, ಸರೋಜ ಬಡಕಲು ಅದಾಳೆ" ಎಂದಳು ಗೌರಕ್ಕ. ಹಿಂದೆ ಎಳೆಗೂಸಿನ ಅಳು ಕೇಳುತ್ತಿತ್ತು. ಚಂದ್ರಿ ಕಿವಿ ನಿಮಿರಿಸಿ, ಮೂತಿ ತಂದು ಫೋನನ್ನು ನೆಕ್ಕಿತು. ಬಕೆಟಿನಲ್ಲಿ ಚರ್ರ್ ಎಂದು ಸದ್ದಾಯಿತು.

ಅಂದಿನಿಂದ ಬೆಳಿಗ್ಗೆ, ಸಂಜೆ ಅದೇ ಪದ್ಧತಿಯಾಗಿದೆ. ಗೌರಕ್ಕನ ಮಾತನ್ನು ತುಂಬಿಟ್ಟುಕೊಂಡು ಅದನ್ನೇ ಹಾಕಿದರಾಯಿತು ಎಂದು ನಾನು ಒಂದು ಬುದ್ಧಿವಂತಿಕೆ ಮಾಡಿದೆ. ಒಂದೆರಡು ದಿನ ನಡೆಯಿತು. ಒಂದೇ ಭಾಷಣವನ್ನು ಪದೇ ಪದೇ ಕೇಳಲು ಎಮ್ಮೆ ಒಪ್ಪಲಿಲ್ಲ. ಆ ವಿಷಯದಲ್ಲಿ ಅದು ನಮ್ಮಂಥ ಮತದಾರರ ಹಾಗಲ್ಲ. ಹಾಗಾಗಿ ದಿನವೂ ಶಿಕಾರಿಪುರದಿಂದ ಗೌರಕ್ಕ ಕೂಸಿನ ವರ್ತಮಾನವನ್ನು ಚಂದ್ರಿಗೆ ಹೇಳುತ್ತಾಳೆ, ಸರೋಜ ಹಾಲು ಕರೆಯುತ್ತಾಳೆ, ನಾನು ಬಾಯಿ ಮುಚ್ಚಿಕೊಂಡು ಫೋನು ಹಿಡಿಯುತ್ತೇನೆ. ಕೊಟ್ಟಿಗೆಯ ಕಡೆ ದಿನವೂ ತಪ್ಪದೆ ಸಿಗ್ನಲ್ ಸಿಗುವುದು ಗೊಬ್ಬರದ ಗುಂಡಿಯ ಪಕ್ಕದ ಮೂಲೆಯಲ್ಲಿ ಮಾತ್ರ. ಎಮ್ಮೆಯನ್ನೂ ಅಲ್ಲಿಗೇ ತಂದು ಕಟ್ಟಿದ್ದೇವೆ.

ಮೊನ್ನೆ ಹೀಗೆಯೇ ಫೋನು ಹಿಡಿದು ನಿಂತಿದ್ದಾಗ ಗೌರಕ್ಕನ ಬದಲು ಯಾವುದೋ ಹುಡುಗಿ ಬಂದು, ನಿಮ್ಮ ಪ್ಲಾನಿನ ಅವಧಿ ಮುಗಿದಿದೆ ಎಂದು ಬಹಳ ಇಂಪಾಗಿ ಹೇಳಿದಳು. ಚಂದ್ರಿ ಬಕೆಟಿಗೆ ಒದೆಯಿತು. ಇದೂ ನನ್ನ ಹಾಗೆ ಕಂಪನಿ ವಿರೋಧಿ ಎಂದು ಒಂದು ಗಳಿಗೆ ಹೆಮ್ಮೆಯಾಯಿತು. ಆದರೆ ಅವತ್ತು ಕಾಫಿಗೆ ಹಾಲಿಲ್ಲ.

ಸೊರಬದಲ್ಲಿ ಬಸ್ಸು ಇಳಿದವನೇ ಕಚೇರಿಯ ಕಡೆ ತಿರುಗದೆ ರೀಚಾರ್ಜ್ ಅಂಗಡಿಗೆ ಹೋಗಿ ನಿಂತೆ. ಪಕ್ಕದಲ್ಲೇ ಬಳೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದ ರಫೀಕ್ ಸಾಹೇಬರು ಬಗ್ಗಿ ನೋಡಿದರು. "ಏನ್ ಸಾರ್, ಫೋನ್ ಕಂಪ್ನಿಯೋರು ರೇಟ್ ಏರ್ಸಿದ್ದಕ್ಕೆ ಗ್ರೂಪಲ್ಲಿ ಏನೋ ಬರೀತೀನಿ ಅಂದಿದ್ರಲ್ಲ?"

"ಬರೆಯೋಣ ಸಾಹೇಬ್ರೆ. ಎಮ್ಮೆ ಹಾಲು ಕೊಡೋದು ನಿಲ್ಲಿಸಲಿ, ಆಮೇಲೆ ಬರೆಯೋಣ."

"ಒಂದು ತಿಂಗಳಿಗಾ ಸಾರ್, ವರ್ಷಕ್ಕಾ?" ಎಂದು ರೀಚಾರ್ಜಿನವರು ಕೇಳಿದರು. ವರ್ಷಕ್ಕೇ ಹಾಕಿ ಎಂದೆ. ಕಂಪನಿಗಳು ಎಮ್ಮೆಲ್ಲೆಗಳಿಗೆ ಏನೇನು ಕೊಡುತ್ತವೆಯೋ ನಾನು ಕಣ್ಣಾರೆ ಕಂಡವನಲ್ಲ. ನಾನು ಮಾತ್ರ ಒಂದು ಲೋಟ ಗಟ್ಟಿ ಹಾಲಿನ ಕಾಫಿಗೆ ಬಿಕರಿಯಾದೆ, ಅದೂ ದುಡ್ಡು ನಾನೇ ಕೊಟ್ಟು.