ಹತ್ತು ನಿಮಿಷಕ್ಕೊಮ್ಮೆ ನಿಲ್ಲುವ ಯಂತ್ರ

ಯಂತ್ರ ಸರಿಯಾಗಿ ಓಡಿದರೆ ನನ್ನ ಸೋದರಮಾವನಿಗೆ ಊಟ ಸೇರುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹೆಗ್ಗದ್ದೆಯ ಅವರ ಮನೆಯಲ್ಲಿ ಗ್ರೈಂಡರ್ ಒಂದು ವಾರ ತೊಂದರೆ ಕೊಡದೆ ತಿರುಗಿದರೆ, ಎಂಟನೆಯ ದಿನ ಅದನ್ನು ಬಿಚ್ಚಿ ಕೂರುತ್ತಾರೆ. ಯಾಕೆ ಸುಮ್ಮನಿದೆ ಎಂದು ನೋಡಬೇಡವೇ?

ಅಂಥವರಿಗೆ ಎಸ್ಟೇಟ್ ಬಂಗಲೆಯೊಂದರವರು ಮಾರಲಿಟ್ಟಿದ್ದ, ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ ಬೇಕಾಯಿತು. ಹಳೆ ಪಂಪ್‌ಸೆಟ್ಟು, ಸ್ಪ್ರೇಯರ್ ಕೊಂಡು ಮಾರಿ ಬದುಕು ಕಟ್ಟಿಕೊಂಡವನು ನಾನು. ನಿಮಗೂ ಹೇಳಿರುತ್ತೇನೆ: ಹಳೆ ಇಂಜಿನ್ ಕೊಳ್ಳುವಾಗ ಮೊದಲು ಮುಟ್ಟಿ ನೋಡಿ. ಬೆಚ್ಚಗಿದ್ದರೆ, ನೀವು ಬರುವ ಮುಂಚೆಯೇ ಒದ್ದಾಡಿ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದು ಅರ್ಥ. ಇದು ತಣ್ಣಗಿತ್ತು, ಆದರೂ ಕೀಲಿ ತಿರುಗಿಸಿದ ಕೂಡಲೇ ಗುಡುಗಿತು. ಮಧ್ಯಾಹ್ನದವರೆಗೆ ಚೌಕಾಸಿ ಮಾಡಿ ಕೊಡಿಸಿದೆ.

ಅವಸರಕ್ಕೆ ಕಾರಣವಿತ್ತು. ಅತ್ತೆ ಎದೆನೋವಿಗೆ ಚಿಕಿತ್ಸೆ ಮುಗಿಸಿಕೊಂಡು ಹಾಸನದಿಂದ ಮರಳಿದ್ದರು. ದಿನವೂ ನಡೆಯಬೇಕು, ನಡುನಡುವೆ ಕೂರಬೇಕು ಎಂದು ಡಾಕ್ಟರು ಹೇಳಿದ್ದರು. ಮನೆಮುಂದಿನ ಬಯಲಲ್ಲಿ ಮೊಣಕಾಲುದ್ದ ಹುಲ್ಲು, ಹುಲ್ಲಿನ ತುಂಬ ಜಿಗಣೆ. ಹಾಗಾಗಿ ಮಾವ ಯಂತ್ರವೇರಿ ಮುಂದೆ, ಅತ್ತೆ ಕತ್ತರಿಸಿದ ಜಾಗದಲ್ಲಿ ಅವರ ಹಿಂದೆ.

ಮೂರೇ ದಿನಕ್ಕೆ ಫೋನು ಬಂತು. "ಏನ್ ಕೊಡಿಸ್ಬುಟ್ಟೆ ಮಾರಾಯ, ಹತ್ತು ನಿಮಿಷಕ್ಕೆ ನಿಂತ್ಕಂತೈತೆ."

ಹೋದೆ. ಪ್ಲಗ್ ಬಿಚ್ಚಿದೆ, ಕಾರ್ಬೊರೇಟರ್ ತೊಳೆದೆ, ಪೆಟ್ರೋಲ್ ಹಳತೇನೋ ಎಂದು ಮೂಸಿದೆ. ಎಲ್ಲವೂ ಸರಿ. ಓಡಿಸಿದರೆ ಹತ್ತು ನಿಮಿಷಕ್ಕೆ ಮತ್ತೆ ಕಣ್ಣು ಮುಚ್ಚಿತು.

"ನಿಮ್ಮ ಮಾವನ ಭಾರಕ್ಕೆ ಬೇಜಾರಾಗಿ ನಿಲ್ತೈತೆ ಕಣೋ," ಎಂದರು ಅತ್ತೆ.

ಕೊನೆಗೆ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಯ್ ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳದಲ್ಲಿ ಗಾಳಿಗೆಂದು ಇರುವ ಸಣ್ಣ ತೂತಿಗೆ ಹಲಸಿನ ಮೇಣ ಮೆತ್ತಿತ್ತು.

"ಮಳೆ ನೀರು ಇಳಿದುಬುಟ್ರೆ?" ಎಂದರು ಮಾವ.

"ಗಾಳಿ ಹೋಗ್ದಿದ್ರೆ ಪೆಟ್ರೋಲ್ ಹೆಂಗ್ ಇಳೀತೈತೆ ಮಾವ?"

ಗುಂಡುಸೂಜಿಯಿಂದ ಮೇಣ ತೆಗೆದೆ. ಯಂತ್ರ ಒಂದು ಗಂಟೆ ನಿಲ್ಲದೆ ಓಡಿತು. ನಾನು ಎದೆಯುಬ್ಬಿಸಿ ಸಕಲೇಶಪುರಕ್ಕೆ ಮರಳಿದೆ.

ಮುಂದಿನ ವಾರ ಆ ಕಡೆ ಹೋದಾಗ ಯಂತ್ರ ಬಯಲ ನಡುವೆ ನಿಂತಿತ್ತು. ಅತ್ತೆ ದೂರದ ಬಂಡೆಯ ಮೇಲೆ ಕೂತಿದ್ದರು. ಮಾವ ಸ್ಪ್ಯಾನರ್ ಹಿಡಿದು, ಬಿಗಿಯಾಗಿಯೇ ಇದ್ದ ನಟ್ಟನ್ನು ಬಿಗಿಮಾಡುತ್ತಿದ್ದರು. ಮುಚ್ಚಳ ನೋಡಿದೆ. ಹೊಸ ಮೇಣ! ಜೇಬಿನಿಂದ ಗುಂಡುಸೂಜಿ ತೆಗೆದೆ. ಮಾವ ನನ್ನ ಕೈ ಹಿಡಿದರು.

"ಬಿಡೋ ಮಾರಾಯ," ಎಂದರು ಮೆಲ್ಲಗೆ. "ನೀನು ಸರಿ ಮಾಡಿದ್ ದಿನ ಅವಳೂ ಹಿಂದೇನೇ ಒಂದು ಗಂಟೆ ನಡೆದ್ಲು. ಕೂತ್ಕೊ ಅಂದ್ರೆ, ನಾನೇನ್ ಮುದುಕಿಯಾ ಅಂತಾಳೆ. ಸಂಜೆ ಎದೆ ಹಿಡ್ಕಂಡು ಮಲಗ್ಬುಟ್ಲು. ಇದು ಕೆಟ್ಟು ನಿಂತ್ರೆ ಮಾತ್ರ ಕೂರ್ತಾಳೆ, ನನ್ನ ಬಯ್ಯಾಕೆ."

ಅಷ್ಟರಲ್ಲಿ ಬಂಡೆಯ ಮೇಲಿಂದ ಅತ್ತೆಯ ದನಿ ಬಂತು. "ನೀನಾದ್ರೂ ನೋಡೋ. ಸರಿಹೋಯ್ತಾ ಅದು?"

ನನ್ನ ಕೈಲಿ ರಿಪೇರಿ ಆಗಲಿಲ್ಲ ಎಂದು ನಾನು ಯಾರ ಮುಂದೆಯೂ ಒಪ್ಪಿಕೊಂಡವನಲ್ಲ. ಗುಂಡುಸೂಜಿಯನ್ನು ಜೇಬಿಗೆ ಹಾಕಿಕೊಂಡೆ.

"ಇಲ್ಲ ಅತ್ತೆ, ಗೊತ್ತಾಗ್ತಾನೇ ಇಲ್ಲ. ಇನ್ನೊಂದೈದು ನಿಮಿಷ ಕೂತಿರಿ."