ವಾಮನರಾಯರ ಕಾರಿನ ಸ್ಕ್ರೂ

ಆಳಂದದ ವಕೀಲ ವಾಮನರಾಯರ ಹಳೆಯ ಕಾರಿಗೆ ಓಡುವುದು ಬರುತ್ತಿತ್ತು, ನಿಧಾನಿಸುವುದು ಬರುತ್ತಿರಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಉಂಡು ಗೋಡೆಗೊರಗಿದ ಗುಮಾಸ್ತನ ಹಾಗೆ ಇಂಜಿನ್ ಅಲ್ಲೇ ಮಲಗಿಬಿಡುತ್ತಿತ್ತು. ಆಮೇಲೆ ಬಜಾರಿನ ಮಂದಿ ದಬ್ಬಬೇಕು. ದಬ್ಬಿದವರು ಮರುದಿನ ರಾಯರ ಹೆಂಡತಿ ಪ್ರಮಿಲಾಳನ್ನು ಕಂಡು, "ಭುಜ ನೋಯಾಕತ್ತಾವ್ರಿ ವೈನಿ" ಎನ್ನುತ್ತಿದ್ದರು.

ಆ ದಿನ ಜೇವರ್ಗಿಯಲ್ಲಿ ಪ್ರಮಿಲಾಳ ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಚಹಾದ ಜೊತೆಗೇ ಅವಳ ಕರಾರೂ ಬಂತು.

"ಕಾರಿನಾಗೇ ಹೋಗೂಣ್ರಿ. ಆದ್ರ ಮಂದಿ ಮುಂದ ಒಮ್ಮೆ ಬಂದ್ ಬಿತ್ತಂದ್ರ, ನಾಳೆ ಅದು ಗುಜರಿಗೆ."

ರಾಯರಿಗೆ ಕಾರೆಂದರೆ ಜೀವ. ಒಪ್ಪಿಕೊಂಡು ಬಾನೆಟ್ ಎತ್ತಿದರು. ಕಾರ್ಬುರೇಟರ್ ಬಿಚ್ಚಿ, ತೂತಿಗೆ ಬಾಯಿಟ್ಟು ಊದಿ, ನಾಲಿಗೆಗೆಲ್ಲ ಪೆಟ್ರೋಲ್ ಮಾಡಿಕೊಂಡು ಮತ್ತೆ ಕೂರಿಸಿದರು. ಆ ಓಣಿಯಲ್ಲಿ ಬಾನೆಟ್ ಎತ್ತಿದ ಕಾರೆಂದರೆ ಬಾಗಿಲು ತೆರೆದ ಮದುವೆ ಮನೆ, ಕರೆಯದವರೂ ಬರುವರು.

ಬಸ್ಸಿನ ಡ್ರೈವರಾಗಿ ನಿವೃತ್ತನಾಗಿದ್ದ ಭೀಮಶಾ ಬಗ್ಗಿ ನೋಡಿದ. "ವಕೀಲ್ ಸಾಬ್, ಈ ಸ್ಕ್ರೂ ಒಂದೀಟು ಬಿಗಿ ಮಾಡಿದ್ರ ಇಂಜಿನ್ ಮಲಗಂಗಿಲ್ರಿ" ಎಂದು ತಿರುವಿಯೇ ಹೋದ. ರಾಯರು ಸ್ನಾನಕ್ಕೆ ಹೋದಾಗ ಪಕ್ಕದ ಮನೆಯ ಗುರಣ್ಣ, "ಭೀಮಶಾಗ ಬಸ್ ಗೊತ್ತು, ಕಾರೇನು ಗೊತ್ತು" ಎಂದು ತಾನೂ ಒಂದೀಟು ತಿರುವಿದ. ಮಿಂದು ಬಂದ ರಾಯರು ಅವನು ತಿರುವಿದ್ದನ್ನು ಕೇಳಿಯೂ, ಯಾವುದಕ್ಕೂ ಇರಲಿ ಎಂದು ಇನ್ನೊಂದೀಟು.

ಕಾರು ಹೊರಟಿತು. ಆಕ್ಸಿಲರೇಟರ್ ಒತ್ತುವ ಅಗತ್ಯವೇ ಬೀಳಲಿಲ್ಲ, ತಾನಾಗಿ ಓಡಿತು. ಗುಲಬರ್ಗಾದ ಚೌಕಿನಲ್ಲಿ ಬ್ರೇಕ್ ಒತ್ತಿ ಒತ್ತಿ ರಾಯರ ಕಾಲು ಮರಗಟ್ಟಿತು. ಭೀಮಾ ಸೇತುವೆಯ ಮೇಲೆ ಎಮ್ಮೆಗಳು ಅಡ್ಡ ಬಂದಾಗಲೂ ಇಂಜಿನ್ ಮಲಗಲಿಲ್ಲ, ಎಮ್ಮೆಗಳೇ ಓಡಿದವು.

ಜೇವರ್ಗಿ ಬಂತು. ತಂಗಿಯ ಮನೆಯ ಮುಂದೆ ರಾಯರು ಗೆದ್ದ ಗತ್ತಿನಲ್ಲಿ ಕೀಲಿ ತಿರುವಿ ಕೈಗೆ ತೆಗೆದುಕೊಂಡರು. ಕೀಲಿ ಕೈಯಲ್ಲಿ, ಇಂಜಿನ್ ಮಾತ್ರ ಚಳಿಜ್ವರ ಬಂದವರಂತೆ ನಡುಗುತ್ತ ನಡೆದೇ ಇತ್ತು. ಬೀಗರೆಲ್ಲ ಹೊರಗೆ ಬಂದರು.

ಷಡ್ಡಕ ಹರಿ ಕೂಗಿ ಹೇಳಿದ: "ಗೇರಿಗೆ ಹಾಕ್ರಿ, ಬ್ರೇಕ್ ಹಿಡೀರಿ, ಕ್ಲಚ್ ಬಿಡ್ರಿ. ಬಂದ್ ಬೀಳ್ತದ."

ರಾಯರು ಗೇರಿಗೆ ಹಾಕಿದರು. ಕ್ಲಚ್ ಬಿಡಲು ಮಾತ್ರ ಧೈರ್ಯ ಬರಲಿಲ್ಲ. ಪಕ್ಕದಲ್ಲೇ ಕರಾರು ಕುಳಿತಿತ್ತು. "ಮೂರು ಮಂದಿ ಒಂದೊಂದೀಟು ತಿರುವಿದ್ರ ಇಷ್ಟಾಗಬಾರದಿತ್ತು" ಎಂದು ಗೊಣಗಿದರು.

"ನಾನೂ ತಿರುವೀನ್ರಿ," ಪ್ರಮಿಲಾ ಮೆಲ್ಲಗೆ ಹೇಳಿದಳು. "ನೀವು ಅಂಗಿ ತೊಡಾಕತ್ತಾಗ. ನಳ ಬಿಗಿ ಮಾಡಿದಂಗ ಮಾಡಿದ್ರ ಪೆಟ್ರೋಲ್ ನಿಲ್ತದ, ಓಣ್ಯಾಗೇ ಬಂದ್ ಬೀಳ್ತದ ಅನ್ಕೊಂಡಿದ್ದೆ. ಪೂರಾ ಎರಡು ಸುತ್ತು."

ರಾಯರ ಮುಖ ಅರಳಿತು. "ಹಂಗಾರ ಮೋಸ ಮಾಡೀದಿ. ಕರಾರು ರದ್ದು!" ಎನ್ನುತ್ತ ಅವಳ ಕಡೆ ತಿರುಗಿದರು. ಆ ಖುಷಿಯಲ್ಲಿ ಕ್ಲಚ್ಚಿನ ಮೇಲಿದ್ದ ಕಾಲು ಜಾರಿತು. ಕಾರು ಟಗರಿನಂತೆ ಒಮ್ಮೆ ಕುಪ್ಪಳಿಸಿ ತೆಪ್ಪಗಾಯಿತು.

ಪ್ರಮಿಲಾ ನಿರಿಗೆ ಸರಿಮಾಡಿಕೊಂಡು ಕೆಳಗಿಳಿದಳು.

"ನಾ ಕೈ ಹಾಕಿದ್ದಕ್ಕ ಅದು ಓಡಿತು. ನೀವು ಕಾಲು ತೆಗೆದಿದ್ದಕ್ಕ ಬಂದ್ ಬಿತ್ತು. ಸಾಕ್ಷಿಗೆ ಇಷ್ಟು ಮಂದಿ ನಿಂತಾರ. ತೀರ್ಪು ನೀವೇ ಹೇಳ್ರಿ ವಕೀಲ್ರ."