ಗುಡ್ಡ ಹತ್ತುವ ಜೀಪುಗಳ ವಿಮೆ

ವಿಮೆಯ ಫಾರಂ ತಯಾರು ಮಾಡಿದವರು ಗಾಡಿ ಅಂದಮೇಲೆ ರಸ್ತೆಯ ಮೇಲೇ ಓಡುತ್ತದೆ ಅಂತ ನಂಬಿದವರು. ಪುಣೆಯಲ್ಲಿ ಹಾಗೆ ನಂಬದ ಜನ ಬಹಳ ಇದ್ದಾರೆ. ನಾನು ಮೋಟಾರು ವಿಮೆಯ ಸರ್ವೇಯರ್. ಗಾಡಿ ನೋಡಿ, ಫೋಟೊ ತೆಗೆದು, ವರದಿ ಬರೆಯುವುದು ಕೆಲಸ. ಕಾರು, ಸ್ಕೂಟರಿನವರಿಂದ ನನಗೆ ತ್ರಾಸಿಲ್ಲ. ಜೀಪನ್ನು ಎತ್ತರ ಮಾಡಿಸಿ, ದೊಡ್ಡ ಟೈರು ಹಾಕಿಸಿ, ರವಿವಾರ ಬಂದರೆ ಕಲ್ಲು ಕೆಸರು ಹುಡುಕಿಕೊಂಡು ಹೋಗುವವರು ಸಿಕ್ಕಾಗ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ.

ಬರೇ ಹಾರ್ನ್

ಪಿಂಪ್ರಿಯಲ್ಲಿ ವಿಜಯಪುರದ ಕಡೆಯ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರ ಜೀಪು ನೋಡಲು ಹೋಗಿದ್ದೆ. ಹಳೇ ಪಾಲಿಸಿಯ ಅವಧಿ ಮುಗಿದಿತ್ತು. ಹೊಸದು ಕೊಡುವ ಮೊದಲು ಗಾಡಿಗೆ ಏನೇನು ಮಾರ್ಪಾಡು ಮಾಡಿಸಿದ್ದಾರೆ ಅಂತ ಬರೆದುಕೊಳ್ಳಬೇಕು. ಮುಚ್ಚಿಟ್ಟರೆ ನಾಳೆ ಕ್ಲೇಮ್ ಸಿಗುವುದಿಲ್ಲ.

“ಏನೇನ ಬದಲ್ ಮಾಡ್ಸೀರಿ?” ಅಂದೆ.

“ಏನಿಲ್ರಿ. ಬರೇ ಹಾರ್ನ್.”

ಕಾಗದದಲ್ಲಿ ಗಾಡಿಯ ಬಣ್ಣ ಬಿಳಿ. ಎದುರಿಗೆ ನಿಂತದ್ದು ಕಿತ್ತಳೆ. ಟೈರು ನನ್ನ ಸೊಂಟಕ್ಕೆ ಬರುತ್ತಿತ್ತು. ಬಾಗಿಲು ಇರಲಿಲ್ಲ. ನಾನು ಒಂದೊಂದೇ ತೋರಿಸುತ್ತ ಹೋದೆ, ಅವರು “ಹಾಂ, ಅದೂ ಒಂದ್ ಮಾಡ್ಸೀನ್ರಿ” ಅನ್ನುತ್ತ ಬಂದರು. ಎರಡು ಹಾಳೆ ತುಂಬಿತು. ಕೊನೆಗೆ, “ಮೂಲ ಗಾಡೀದು ಏನ್ ಉಳದದ, ಅಷ್ಟ ಹೇಳ್ರಿ” ಅಂದೆ.

ಅವರು ಜೀಪಿನ ಸುತ್ತ ಒಂದು ಸುತ್ತು ಹಾಕಿ ಪ್ರಾಮಾಣಿಕವಾಗಿ ಯೋಚಿಸಿದರು.

“ನಂಬರ್ ಪ್ಲೇಟ್ ರೀ,” ಅಂದರು. ಮತ್ತೆ ಬಗ್ಗಿ ನೋಡಿ, “ಇಲ್ರಿ, ಇದೂ ಹೋದ ದೀಪಾವಳಿಗೆ ಹೊಸಾದು ಹಾಕ್ಸೀನಿ. ನಂಬರ್ ಅಷ್ಟ ಹಳೇದು.”

ತಾಯಿಯ ಸ್ಟೂಲು

ಯೆರವಡಾದಲ್ಲಿ ಮೈಸೂರು ಕಡೆಯ ಹಲ್ಲಿನ ಡಾಕ್ಟರೊಬ್ಬರು ಜೀಪನ್ನು ಎಷ್ಟು ಎತ್ತರ ಮಾಡಿಸಿದ್ದರೆಂದರೆ ಅವರ ತಾಯಿ ಹತ್ತಬೇಕಾದರೆ ಅಡುಗೆಮನೆಯ ಸ್ಟೂಲು ಬೇಕಾಗುತ್ತಿತ್ತು. ನಾನು ಗಾಡಿಗೆ ಜೋಡಿಸಿದ ವಸ್ತುಗಳ ಪಟ್ಟಿ ಮಾಡುತ್ತಿದ್ದೆ. ಮುಂದೆ ದೀಪ, ಕೆಸರಿನಿಂದ ಎಳೆಯುವ ವಿಂಚ್, ನೀರಿಗಿಳಿದಾಗ ಎಂಜಿನ್ ಉಸಿರಾಡಲಿ ಅಂತ ಮೇಲಕ್ಕೆ ಚಾಚಿದ ಕೊಳವೆ.

“ನನ್ನ ಸ್ಟೂಲೂ ಬರ್ಕೊಳ್ಳಿ,” ಅಂದರು ತಾಯಿ.

“ಅಮ್ಮಾ, ಸುಮ್ನಿರಮ್ಮ,” ಅಂದರು ಡಾಕ್ಟರು.

“ಗಾಡಿಗೆ ಜೋಡಿಸಿದ್ದು ಮಾತ್ರ ಪಟ್ಟಿಗೆ ಬರತದ್ರಿ,” ಅಂತ ನಾನು ನಿಯಮ ಹೇಳಿದೆ.

ಆ ತಾಯಿ ಒಳಗೆ ಹೋಗಿ ಸೈಕಲ್ ಚೈನು ತಂದು ಸ್ಟೂಲನ್ನು ಜೀಪಿನ ಬಂಪರಿಗೆ ಬಿಗಿದು ಬೀಗ ಹಾಕಿದರು. “ಈಗ?”

“ಮರದ ಮೆಟ್ಟಿಲು, ಒಂದು” ಅಂತ ಬರೆದೆ. ವಿಮಾ ಕಂಪನಿಯ ಮುಂಬಯಿ ಆಫೀಸಿನವರು ಅದರ ಬಗ್ಗೆ ಚಕಾರ ಎತ್ತಲಿಲ್ಲ. ಕೊಳವೆಯ ಫೋಟೊ ನೋಡಿ ಫೋನ್ ಮಾಡಿದರು: “ಈ ಗಾಡಿಗೆ ಸೊಂಡಿಲು ಯಾಕೆ?”

ಸಾಕ್ಷಿಗಳು

ದೇಹೂ ರೋಡಿನಲ್ಲಿ ನೆಲೆಸಿದ ಬೆಳಗಾವಿಯ ನಿವೃತ್ತ ಸುಬೇದಾರರ ಜೀಪು ಹಳ್ಳದಲ್ಲಿ ಮಗುಚಿತ್ತು. ಕ್ಲೇಮ್ ಫಾರಮ್ಮಿನಲ್ಲಿ ‘ಅಪಘಾತ ಹೇಗಾಯಿತು’ ಅನ್ನುವಲ್ಲಿ ಅವರು ಬರೆದಿದ್ದರು: “ಹಳ್ಳಕ್ಕೆ ನಾನೇ ಬೇಕಂತ ಇಳಿಸಿದೆ.”

“ಸಾಹೇಬ್ರ, ಆ ‘ಬೇಕಂತ’ ಬೇಕೇನ್ರಿ?”

“ಸುಳ್ಳ ಬರಿಯಾಂವ ಅಲ್ಲ ನಾ.”

ರೇಸಿನಲ್ಲಿ ಆದ ನಷ್ಟಕ್ಕೆ ಪಾಲಿಸಿ ಹೊಣೆಯಲ್ಲ. ಅದಕ್ಕೇ ಹೆದರುತ್ತ, “ಏನರ ಸ್ಪರ್ಧಾ ಇತ್ತೇನ್ರಿ?” ಅಂತ ಕೇಳಿದೆ.

“ಎಲ್ಲಿ ಸ್ಪರ್ಧಾ? ನಾನೊಬ್ಬನ ಇದ್ದೆ.”

“ನೋಡಿದವರು ಯಾರಾದ್ರೂ?”

“ಆರು ಎಮ್ಮಿ ಇದ್ದುವು.”

“ಅವು ಏನ್ ಮಾಡತಿದ್ದುವು?”

ಸುಬೇದಾರರು ಮೀಸೆ ನೇವರಿಸಿಕೊಂಡು ಹೇಳಿದರು: “ಅದ ಹಳ್ಳ ದಾಟಿ ಹ್ವಾದುವು.”

ಸ್ಪರ್ಧೆ ನಡೆದಿಲ್ಲ ಅಂತ ವರದಿ ಬರೆದೆ. ನಡೆದಿದ್ದರೆ ಗೆದ್ದವರು ಯಾರು ಅನ್ನುವುದನ್ನು ಬರೆಯಲಿಲ್ಲ.

ದಿಕ್ಕು

ಚಿಂಚವಾಡದಲ್ಲಿ ಬಾಗಲಕೋಟೆಯವರೊಬ್ಬರು ಬೇರಿಂಗ್ ಅಂಗಡಿ ಇಟ್ಟಿದ್ದಾರೆ. ಜೀಪಿನವರ ಗುಂಪಿಗೆ ಅವರೇ ಮುಖಂಡರು. ಒಂದು ರವಿವಾರ ಮುಂಜಾನೆ ಫೋನ್ ಬಂತು: “ಲಗೂ ಬರ್ರಿ. ಗಾಡಿ ಸಿಕ್ಕೊಂಡದ.”

“ಯಾವ ಘಾಟಿನಾಗ್ರಿ?”

“ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಾಗ.”

ಹೋಗಿ ನೋಡಿದೆ. ಗೇಟಿನ ಹೊರಗೆ ಒಂಬತ್ತು ಜೀಪುಗಳು ಬಾವುಟ ಕಟ್ಟಿಕೊಂಡು ಮುಖಂಡರಿಗಾಗಿ ಕಾಯುತ್ತಿದ್ದವು. ಮುಖಂಡರ ಜೀಪು ನೆಲಮಾಳಿಗೆಯಲ್ಲಿ, ಕಾಂಕ್ರೀಟ್ ತೊಲೆಯ ಕೆಳಗೆ, ತಲೆ ಮೇಲಿನ ಕ್ಯಾರಿಯರ್ ಒತ್ತಿಕೊಂಡು ನಿಂತಿತ್ತು. ಹಿಂದಕ್ಕೂ ಬರುತ್ತಿರಲಿಲ್ಲ, ಮುಂದಕ್ಕೂ ಹೋಗುತ್ತಿರಲಿಲ್ಲ.

ಆದದ್ದು ಇಷ್ಟು. ಹಿಂದಿನ ದಿನ ಅವರು ಕೆಸರಿಗೆ ಇಳಿಯಲಿಕ್ಕೆ ಟೈರಿನ ಗಾಳಿ ಕಡಿಮೆ ಮಾಡಿಕೊಂಡಿದ್ದರು. ಹಾಗೇ ಮೆತ್ತಗೆ ಬಂದು ತೊಲೆಯ ಕೆಳಗೆ ನಿಲ್ಲಿಸಿದ್ದರು. ಮುಂಜಾನೆ ಎದ್ದು, ತಮ್ಮದೇ ಪಂಪಿನಿಂದ, ನಾಲ್ಕೂ ಟೈರಿಗೆ ಗಟ್ಟಿಯಾಗಿ ಗಾಳಿ ತುಂಬಿದ್ದರು.

ಗುಂಪಿನ ಮೂವರು ಅನುಭವಿಗಳು ಒಳಗೆ ಬಂದು ಸುತ್ತ ಕೂತು ಚರ್ಚೆ ಮಾಡಿದರು. ಒಬ್ಬರು ಕ್ಯಾರಿಯರ್ ಕೊಯ್ಯಬೇಕು ಅಂದರು. ಇನ್ನೊಬ್ಬರು ನೆಲ ಅಗೆಯೋಣ ಅಂದರು. ಮೂರನೆಯವರು ಮಾತಾಡದೆ ವಿಂಚಿನ ಹಗ್ಗ ತೆಗೆದು ಕಟ್ಟಡದ ಕಂಬಕ್ಕೆ ಸುತ್ತಿದರು. ಸೊಸೈಟಿಯ ಸೆಕ್ರೆಟರಿ ಓಡಿಬಂದು ಮರಾಠಿಯಲ್ಲಿ ಕೂಗಾಡಿದರು: ಗಾಡಿಗೆ ವಿಮೆ ಇದೆ, ಬಿಲ್ಡಿಂಗಿಗೆ ಇಲ್ಲ, ಕಂಬ ಬಿಡಿ!

ಒಂದು ತಾಸು ಕಳೆಯಿತು. ನಾನು ಎಂಟು ಫೋಟೊ ತೆಗೆದೆ. ಮುಖಂಡರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿ ಬುತ್ತಿಯ ಚೀಲ ಹಿಡಿದು ಕೆಳಗೆ ಬಂದರು.

“ಅಲ್ರೀ, ಇನ್ನೂ ಹೊಂಟಿಲ್ಲ?”

“ಸಿಕ್ಕೊಂಡದ,” ಅಂದರು ಗಂಡ.

ಹೆಂಡತಿ ಮೇಲೆ ನೋಡಿದರು, ಕೆಳಗೆ ನೋಡಿದರು. ಚೀಲ ಗಂಡನ ಕೈಗೆ ಕೊಟ್ಟು, ತುರುಬಿನ ಪಿನ್ನು ತೆಗೆದು, ಕೂತು ಟೈರಿನ ವಾಲ್ವ್ ಒತ್ತಿದರು. ಸುಸ್ಸ್ ಅಂತು. ಒಂದೊಂದಾಗಿ ನಾಲ್ಕೂ ಗಾಲಿ. ಜೀಪು ಮೆಲ್ಲಗೆ ತೊಲೆ ಬಿಟ್ಟು ಕೆಳಗಿಳಿಯಿತು. ಅನುಭವಿಗಳು ಕಂಬದ ಹಗ್ಗ ಬಿಚ್ಚುವುದರಲ್ಲಿ ಬಹಳ ಮಗ್ನರಾದರು.

ಕ್ಯಾರಿಯರ್ ಸೊಟ್ಟಗಾಗಿದ್ದರಿಂದ ಕ್ಲೇಮ್ ಫಾರಂ ತುಂಬಲೇಬೇಕಾಯಿತು. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಕೇಳುತ್ತ ಹೋದೆ.

“ಅಪಘಾತದ ವೇಳ್ಯಾಕ ಗಾಡಿ ಯಾರು ನಡಸತಿದ್ರು?”

“ಯಾರೂ ಇರಲಿಲ್ರಿ.”

“ವೇಗ?”

“ನಿಂತಿತ್ರಿ.”

“ಎದುರಿನ ಗಾಡಿ?”

“ಇರಲಿಲ್ಲ.”

“ಮತ್ತ ನಿಮ್ಮ ಗಾಡಿ ಯಾವ ದಿಕ್ಕಿಗೆ ಹೊಂಟಿತ್ತು?”

ಮುಖಂಡರು ಬುತ್ತಿಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಹೆಂಡತಿ ಪಿನ್ನು ಮತ್ತೆ ತುರುಬಿಗೆ ಸಿಕ್ಕಿಸಿಕೊಳ್ಳುತ್ತ ಹೇಳಿದರು:

“ಮ್ಯಾಲಕ್ಕ ಅಂತ ಬರಕೋರಿ.”